ಜಾಹೀರಾತು ಖಾತೆಗೆ ನಮ್ಮದೇ ಡ್ಯಾಶ್‌ಬೋರ್ಡ್: ಮೈಸೂರಿನ ಹೋಂಸ್ಟೇಯೊಂದರ ಲೆಕ್ಕ ಹಿಡಿದು

ಗೋಕುಲಂನ ಹೋಂಸ್ಟೇ ಇರಲಿ, ದೇವರಾಜ ಅರಸು ರಸ್ತೆಯ ಸೀರೆ ಅಂಗಡಿ ಇರಲಿ, ಮಂಡ್ಯದಿಂದ ಆನ್‌ಲೈನ್‌ನಲ್ಲಿ ಬೆಲ್ಲ ಮಾರುವವರಿರಲಿ, ಗೂಗಲ್ ಮತ್ತು ಫೇಸ್‌ಬುಕ್ ಜಾಹೀರಾತಿಗೆ ಪ್ರತಿ ತಿಂಗಳೂ ಹಣ ಕಟ್ಟುವ ಮಾಲೀಕರ ಕೈಗೆ ಬರುವ ವರದಿಯಲ್ಲಿ ಇಂಪ್ರೆಷನ್ (ಜಾಹೀರಾತು ಎಷ್ಟು ಸಲ ಕಾಣಿಸಿತು), ಕ್ಲಿಕ್, ಕ್ಲಿಕ್ ದರ (ಕಾಣಿಸಿದ್ದರಲ್ಲಿ ಎಷ್ಟು ಪಾಲು ಕ್ಲಿಕ್ ಆಯಿತು) ಇವುಗಳ ಉದ್ದನೆಯ ಪಟ್ಟಿ ಇರುತ್ತದೆ. ಈ ವಾರ ಯಾವ ಕ್ಯಾಂಪೇನಿಗೆ ಬಜೆಟ್ ಏರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದು ಅಪರೂಪ. ಆ ಉತ್ತರ ಸಿಗುವಂಥ ಡ್ಯಾಶ್‌ಬೋರ್ಡನ್ನು, ಅಂದರೆ ಮುಖ್ಯ ಅಂಕಿಗಳನ್ನು ಒಂದೇ ಕಡೆ ತೋರಿಸುವ ಪುಟವನ್ನು, ಉಚಿತ ಸಾಧನಗಳಿಂದಲೇ ಕಟ್ಟುವ ವಿಧಾನವನ್ನು, ಮೈಸೂರಿನ ಒಂದು ಹೋಂಸ್ಟೇಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಲ್ಲಿ ವಿವರಿಸಲಾಗಿದೆ.

ಮೊದಲು ಪ್ರಶ್ನೆ, ಆಮೇಲೆ ಅಂಕಿ

ಸಾಧನವನ್ನು ತೆರೆಯುವ ಮೊದಲು ಮಾಲೀಕರ ಜೊತೆ ಕುಳಿತು, ಅವರು ವಾರಕ್ಕೊಮ್ಮೆ ನಿಜವಾಗಿ ತೆಗೆದುಕೊಳ್ಳುವ ತೀರ್ಮಾನಗಳನ್ನು ಬರೆದುಕೊಳ್ಳಬೇಕು. ಹೋಂಸ್ಟೇಯ ಮಟ್ಟಿಗೆ ಅವು ಸಾಮಾನ್ಯವಾಗಿ ಮೂರು: ಖರ್ಚು ತಿಂಗಳ ಬಜೆಟ್ಟಿನ ಮಿತಿಯಲ್ಲಿದೆಯೇ, ಒಂದು ಬುಕಿಂಗ್‌ಗೆ ಎಷ್ಟು ತಗುಲುತ್ತಿದೆ, ಬರುವವರು ಯಾವ ಊರಿನಿಂದ ಹುಡುಕುತ್ತಿದ್ದಾರೆ. ಈ ಮೂರಕ್ಕೆ ಉತ್ತರಿಸುವ ಅಂಕಿಗಳಿಗೆ ಮಾತ್ರ ಮೊದಲ ಪುಟದಲ್ಲಿ ಜಾಗ ಕೊಡಿ. ಇಂಪ್ರೆಷನ್ ಎಷ್ಟಾಯಿತು ಎಂಬುದು ಯಾರ ತೀರ್ಮಾನವನ್ನೂ ಬದಲಿಸುವುದಿಲ್ಲವಾದರೆ ಅದು ಎರಡನೇ ಪುಟಕ್ಕೆ ಹೋಗಲಿ.

ಕನ್ವರ್ಷನ್, ಅಂದರೆ ಜಾಹೀರಾತಿನಿಂದ ಬಂದ ಫಲ ಎಂದು ಯಾವುದನ್ನು ಎಣಿಸಬೇಕೆಂದು ನಿರ್ಧರಿಸುವ ಕೆಲಸ ಇದಕ್ಕಿಂತ ಕಷ್ಟದ್ದು. ನಮ್ಮ ಕಡೆಯ ಗ್ರಾಹಕರಲ್ಲಿ ಹಲವರು ವೆಬ್‌ಸೈಟಿನ ಫಾರಂ ತುಂಬುವ ಬದಲು ನೇರವಾಗಿ ಫೋನ್ ಮಾಡುತ್ತಾರೆ ಅಥವಾ ವಾಟ್ಸಾಪ್ ಗುಂಡಿ ಒತ್ತುತ್ತಾರೆ. ಗುಂಡಿ ಒತ್ತಿದ್ದನ್ನೇ ಬುಕಿಂಗ್ ಎಂದು ಎಣಿಸಿದರೆ ಡ್ಯಾಶ್‌ಬೋರ್ಡ್ ಸದಾ ನಗುತ್ತಿರುತ್ತದೆ, ಕೋಣೆಗಳು ಮಾತ್ರ ಖಾಲಿ ಉಳಿಯುತ್ತವೆ. ಆದ್ದರಿಂದ ಅದನ್ನು ‘ವಿಚಾರಣೆ’ ಎಂದು ಪ್ರತ್ಯೇಕವಾಗಿ ಎಣಿಸಿ, ನಿಜವಾದ ಬುಕಿಂಗ್‌ಗಳಿಗಾಗಿ ಗೂಗಲ್ ಷೀಟ್ಸ್‌ನಲ್ಲಿ ಒಂದು ರಿಜಿಸ್ಟರ್ ಇಡಬೇಕು. ಮುಂಗಡ ಬಂದ ದಿನಾಂಕ, ಮೊತ್ತ, ‘ನಮ್ಮನ್ನು ಎಲ್ಲಿ ನೋಡಿದಿರಿ’ ಎಂಬ ಪ್ರಶ್ನೆಗೆ ಬಂದ ಉತ್ತರ, ಈ ಮೂರು ಕಾಲಂ ಸಾಕು. ಫೋನ್ ಎತ್ತುವವರು ಇದನ್ನು ತಪ್ಪದೆ ತುಂಬುವಂತೆ ಮಾಡುವುದೇ, ನನ್ನ ಅಭಿಪ್ರಾಯದಲ್ಲಿ, ಇಡೀ ಯೋಜನೆಯಲ್ಲಿ ಹೆಚ್ಚು ಶ್ರಮ ಬೇಡುವ ಭಾಗ.

ದತ್ತಾಂಶವನ್ನು ಒಂದೆಡೆ ತರುವುದು

2016ರಲ್ಲಿ ಡೇಟಾ ಸ್ಟುಡಿಯೋ ಎಂಬ ಹೆಸರಿನಲ್ಲಿ ಆರಂಭವಾಗಿ 2022ರಲ್ಲಿ ಲುಕರ್ ಸ್ಟುಡಿಯೋ ಎಂದು ಮರುನಾಮಕರಣಗೊಂಡ ಗೂಗಲ್‌ನ ಉಚಿತ ಸಾಧನ ಇಲ್ಲಿ ಸಾಕಾಗುತ್ತದೆ. ಗೂಗಲ್ ಆಡ್ಸ್, ಅನಲಿಟಿಕ್ಸ್, ಷೀಟ್ಸ್‌ಗಳಿಗೆ ಅದರಲ್ಲಿ ಗೂಗಲ್‌ನದೇ ಉಚಿತ ಕನೆಕ್ಟರ್‌ಗಳಿವೆ, ಅಂದರೆ ಅಲ್ಲಿನ ಅಂಕಿಗಳನ್ನು ತಾವಾಗಿಯೇ ತರುವ ಕೊಂಡಿಗಳಿವೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತುಗಳ ಅಂಕಿಗಳಿಗೆ ಹೊರಗಿನ ಕಂಪನಿಗಳ ಕನೆಕ್ಟರ್ ಬೇಕು, ಅವುಗಳಲ್ಲಿ ಹೆಚ್ಚಿನವಕ್ಕೆ ಚಂದಾ ಕಟ್ಟಬೇಕು. ಒಂದೆರಡು ಖಾತೆಗಳಿರುವ ವ್ಯವಹಾರಕ್ಕೆ ಆ ಖರ್ಚು ಅನಗತ್ಯ. ವಾರಕ್ಕೊಮ್ಮೆ ಫೇಸ್‌ಬುಕ್‌ನ ಆಡ್ಸ್ ಮ್ಯಾನೇಜರಿನಿಂದ ಫೈಲ್ ಇಳಿಸಿಕೊಂಡು ಷೀಟಿಗೆ ಸೇರಿಸಿದರೆ ಕೆಲಸ ನಡೆಯುತ್ತದೆ.

ಹಾಗೆ ಸೇರಿಸುವಾಗ ದಿನಾಂಕದ ಬಗ್ಗೆ ಎಚ್ಚರ ಬೇಕು. ಷೀಟಿನ ಸೆಟ್ಟಿಂಗ್ಸ್‌ನಲ್ಲಿ ದೇಶ ಅಮೆರಿಕ ಎಂದಿದ್ದರೆ, ನೀವು 05/08 ಎಂದು ಬರೆದ ಆಗಸ್ಟ್ 5 ಅಲ್ಲಿ ಮೇ 8 ಆಗುತ್ತದೆ. ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಈ ದೋಷ ಕಣ್ಣಿಗೇ ಬೀಳುವುದಿಲ್ಲ. ದೇಶವನ್ನು ಭಾರತಕ್ಕೆ ಬದಲಿಸಿ, ವರ್ಷ-ತಿಂಗಳು-ದಿನ ಕ್ರಮದಲ್ಲಿಯೇ ದಿನಾಂಕ ಬರೆಯುವುದನ್ನು ನಿಯಮ ಮಾಡಿಕೊಳ್ಳಿ. ಗೂಗಲ್ ಆಡ್ಸ್‌ನ ಅಂಕಿಗಳನ್ನು ಸ್ಕ್ರಿಪ್ಟ್ (ತಾನಾಗಿ ಓಡುವ ಸಣ್ಣ ಪ್ರೋಗ್ರಾಂ) ಮೂಲಕ ಷೀಟಿಗೆ ತರಿಸಿಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಅಲ್ಲಿನ ಕ್ವೆರಿಗಳಲ್ಲಿ ಖರ್ಚು ಬರುವುದು ‘ಮೈಕ್ರೋಸ್’ ಎಂಬ ಅಳತೆಯಲ್ಲಿ, ಅಂದರೆ 1 ರೂಪಾಯಿ 10,00,000 ಎಂದು ಕಾಣಿಸುತ್ತದೆ. ಹತ್ತು ಲಕ್ಷದಿಂದ ಭಾಗಿಸಿದ ನಂತರವೇ ಅದನ್ನು ಷೀಟಿಗೆ ಬರೆಯಿಸಿ.

ಕ್ಯಾಂಪೇನುಗಳ ಹೆಸರಿನಲ್ಲಿ ಊರು, ಭಾಷೆ, ಸೇವೆ ಎಂಬ ಕ್ರಮವನ್ನು ಪಾಲಿಸಿದ್ದರೆ, ಮುಂದೆ ಷರತ್ತಿನ ಸೂತ್ರದಿಂದ ಅವನ್ನು ಸುಲಭವಾಗಿ ಗುಂಪು ಮಾಡಬಹುದು. ಜನ ಹುಡುಕುವ ಪದಗಳಿಗೂ ಇಂಥ ಗುಂಪು ಬೇಕು. 2014ರ ನವೆಂಬರ್ 1ರಂದು ಮೈಸೂರಿನ ಅಧಿಕೃತ ಇಂಗ್ಲಿಷ್ ಕಾಗುಣಿತ Mysore ಹೋಗಿ Mysuru ಆದರೂ ಹೊರಗಿನವರು ಹಳೆಯದನ್ನೂ ಟೈಪ್ ಮಾಡುತ್ತಾರೆ. ಕನ್ನಡದಲ್ಲಿ ಹುಡುಕುವವರೂ ಇದ್ದಾರೆ. ಮೂರನ್ನೂ ಒಂದೇ ಗುಂಪಿಗೆ ಸೇರಿಸದಿದ್ದರೆ ಒಂದೇ ಬೇಡಿಕೆ ಮೂರು ತುಂಡಾಗಿ ಕಾಣುತ್ತದೆ.

ಸೂತ್ರಗಳು

ಡ್ಯಾಶ್‌ಬೋರ್ಡುಗಳು ಸುಳ್ಳು ಹೇಳುವುದು ಬಹುತೇಕ ಸರಾಸರಿಗಳಲ್ಲಿ. ಒಂದು ದಿನ 400 ರೂಪಾಯಿ ಖರ್ಚಾಗಿ 4 ಬುಕಿಂಗ್ ಬಂದರೆ ತಲಾ ವೆಚ್ಚ 100 ರೂಪಾಯಿ, ಮರುದಿನ 1,600 ರೂಪಾಯಿಗೆ 2 ಬುಕಿಂಗ್ ಬಂದರೆ 800 ರೂಪಾಯಿ. ಈ ಎರಡರ ಸರಾಸರಿ 450. ಆದರೆ ಒಟ್ಟು 2,000 ರೂಪಾಯಿಗೆ 6 ಬುಕಿಂಗ್ ಬಂದಿರುವುದರಿಂದ ನಿಜವಾದ ವೆಚ್ಚ ಸುಮಾರು 333 ರೂಪಾಯಿ ಮಾತ್ರ. ಹೀಗಾಗಿ ಷೀಟಿನಲ್ಲಿ ದಿನದಿನದ ಅನುಪಾತವನ್ನು ಬರೆದಿಡದೆ, ಖರ್ಚಿನ ಮೊತ್ತವನ್ನು ಬುಕಿಂಗ್‌ಗಳ ಮೊತ್ತದಿಂದ ಭಾಗಿಸುವ ಸೂತ್ರವನ್ನು ಲುಕರ್ ಸ್ಟುಡಿಯೋದಲ್ಲಿಯೇ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ (ಸೂತ್ರದಿಂದ ಲೆಕ್ಕವಾಗುವ ಅಂಕಣ) ಆಗಿ ರಚಿಸಬೇಕು. ಕ್ಲಿಕ್ ದರಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಖರ್ಚಿನ ಗತಿಯನ್ನು ತೋರಿಸಲು, ಈವರೆಗಿನ ಖರ್ಚನ್ನು ಕಳೆದ ದಿನಗಳ ಪಾಲಿಗೆ ಬರಬೇಕಾದ ಬಜೆಟ್ಟಿನೊಂದಿಗೆ ಹೋಲಿಸಿ. ಗೂಗಲ್ ಆಡ್ಸ್ ದಿನದ ಸರಾಸರಿ ಬಜೆಟ್ಟಿನ ಎರಡರಷ್ಟನ್ನು ಒಂದೇ ದಿನ ಖರ್ಚು ಮಾಡಬಹುದು. ಸಾಮಾನ್ಯವಾಗಿ ತಿಂಗಳಿಗೆ ದಿನದ ಸರಾಸರಿ ಬಜೆಟ್ಟಿನ 30.4 ಪಟ್ಟು ಮಾತ್ರ ಮಿತಿ. ದಿನಕ್ಕೆ 1,000 ರೂಪಾಯಿ ಎಂದು ಇಟ್ಟ ಕ್ಯಾಂಪೇನು ಶನಿವಾರ 1,900 ನುಂಗಿದರೆ ಮಾಲೀಕರು ಗಾಬರಿಯಾಗಿ ಫೋನ್ ಮಾಡುವುದು ಸಹಜ. ದಿನದ ಖರ್ಚಿನ ಪಕ್ಕದಲ್ಲೇ ತಿಂಗಳ ಗತಿಯನ್ನು ತೋರಿಸಿದರೆ ಆ ಫೋನ್ ಕರೆ ತಪ್ಪುತ್ತದೆ.

ಖಾತೆಯಲ್ಲಿ ಕಾಣುವ ಖರ್ಚಿಗೆ ಜಿಎಸ್‌ಟಿ ಸೇರಿರುವುದಿಲ್ಲ. ಶೇ 18ರಂತೆ 50,000 ರೂಪಾಯಿಯ ಜಾಹೀರಾತಿಗೆ ಕೈಯಿಂದ ಹೋಗುವುದು 59,000. ಇನ್‌ಪುಟ್ ಕ್ರೆಡಿಟ್ ಪಡೆಯುವವರಿಗೆ, ಅಂದರೆ ಹೀಗೆ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವವರಿಗೆ, ತೆರಿಗೆ ಹೊರತಾದ ಅಂಕಿ ಸರಿ. ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆಯ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಕ್ರೆಡಿಟ್ ಸಿಗದ ಕಾರಣ 1.18ರಿಂದ ಗುಣಿಸಿದ ಖರ್ಚನ್ನೇ ತೋರಿಸಬೇಕು.

ಖರ್ಚಿನ ಷೀಟನ್ನೂ ಬುಕಿಂಗ್ ರಿಜಿಸ್ಟರನ್ನೂ ಲುಕರ್ ಸ್ಟುಡಿಯೋದಲ್ಲಿ ‘ಬ್ಲೆಂಡ್’ ಮಾಡಿ, ಅಂದರೆ ಒಂದೇ ಕೋಷ್ಟಕವಾಗಿ ಜೋಡಿಸುವಾಗ, ಒಂದು ದಿನಕ್ಕೆ ರಿಜಿಸ್ಟರಿನಲ್ಲಿ ಮೂರು ಸಾಲುಗಳಿದ್ದರೆ ಆ ದಿನದ ಖರ್ಚು ಮೂರು ಸಲ ಎಣಿಕೆಯಾಗುವ ಅಪಾಯವಿದೆ. ರಿಜಿಸ್ಟರನ್ನು ಮೊದಲು ದಿನ ಮತ್ತು ಮೂಲಕ್ಕೊಂದು (ಗೂಗಲ್, ಫೇಸ್‌ಬುಕ್ ಹೀಗೆ) ಸಾಲಿನಂತೆ ಸಂಕ್ಷೇಪಿಸಿ, ಖರ್ಚನ್ನೂ ಅದೇ ದಿನ ಮತ್ತು ಮೂಲದ ಆಧಾರದ ಮೇಲೆ ಜೋಡಿಸಿ. ಜೋಡಿಸಿದ ಕೂಡಲೇ ಒಟ್ಟು ಖರ್ಚನ್ನು ಮೂಲ ಖಾತೆಯೊಂದಿಗೆ ತಾಳೆ ನೋಡಿ.

ದಿನಾಂಕಗಳ ಹೋಲಿಕೆ

ಕಳೆದ ಮೂರು ದಿನಗಳ ಕನ್ವರ್ಷನ್ ಕುಸಿದಂತೆ ಕಂಡರೆ ಕೂಡಲೇ ಕ್ಯಾಂಪೇನು ನಿಲ್ಲಿಸಬೇಡಿ. ಗೂಗಲ್ ಆಡ್ಸ್ ಕನ್ವರ್ಷನ್ನನ್ನು ಅದು ನಡೆದ ದಿನಕ್ಕೆ ಬರೆಯದೆ, ಅದಕ್ಕೆ ಕಾರಣವಾದ ಕ್ಲಿಕ್ಕಿನ ದಿನಕ್ಕೆ ಬರೆಯುತ್ತದೆ, ಕ್ಲಿಕ್ ಆದ ಮೇಲೆ ಸಾಮಾನ್ಯವಾಗಿ 30 ದಿನಗಳೊಳಗೆ ನಡೆದ ಕನ್ವರ್ಷನ್ ಆ ಕ್ಲಿಕ್ಕಿನ ಲೆಕ್ಕಕ್ಕೆ ಸೇರುತ್ತದೆ. ಇಂದು ಕ್ಲಿಕ್ ಮಾಡಿದವರು ಮನೆಯವರನ್ನು ಕೇಳಿ ಮುಂದಿನ ವಾರ ಬುಕ್ ಮಾಡಿದರೆ ಇಂದಿನ ಅಂಕಿ ಮುಂದಿನ ವಾರ ಏರುತ್ತದೆ. ಇತ್ತೀಚಿನ ಒಂದು ವಾರವನ್ನು ಬೇರೆ ಬಣ್ಣದಲ್ಲಿ ತೋರಿಸಿ ‘ಇನ್ನೂ ಪೂರ್ಣವಾಗಿಲ್ಲ’ ಎಂದು ಬರೆದಿಡುವುದು ಒಳ್ಳೆಯದು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಮಾತೃಸಂಸ್ಥೆ ಮೆಟಾದ ಸಾಮಾನ್ಯ ಎಣಿಕೆಯಲ್ಲಿ ಈ ಅವಧಿ ಕ್ಲಿಕ್ಕಿಗೆ 7 ದಿನ, ಜಾಹೀರಾತನ್ನು ಬರೀ ನೋಡಿದ್ದಕ್ಕೆ 1 ದಿನ. ಒಂದೇ ಬುಕಿಂಗನ್ನು ಎರಡೂ ಕಂಪನಿಗಳು ತಮ್ಮದೆನ್ನಬಹುದಾದ್ದರಿಂದ ಅವುಗಳ ಕನ್ವರ್ಷನ್‌ಗಳನ್ನು ಎಂದಿಗೂ ಕೂಡಿಸಬಾರದು. ಪಕ್ಕಪಕ್ಕದ ಕಾಲಂಗಳಲ್ಲಿಟ್ಟು, ಮೂರನೆಯದರಲ್ಲಿ ರಿಜಿಸ್ಟರಿನ ಸಂಖ್ಯೆಯನ್ನು ಕೊಡಿ.

ಮೈಸೂರಿನ ವ್ಯವಹಾರಕ್ಕೆ ‘ಕಳೆದ ವರ್ಷದ ಇದೇ ಅವಧಿ’ ಎಂಬ ಸಿದ್ಧ ಹೋಲಿಕೆ ದಸರೆಯ ಕಾಲದಲ್ಲಿ ಪೂರ್ತಿ ದಾರಿ ತಪ್ಪಿಸುತ್ತದೆ. ಜಂಬೂಸವಾರಿ 2023ರಲ್ಲಿ ಅಕ್ಟೋಬರ್ 24ರಂದು, 2024ರಲ್ಲಿ ಅಕ್ಟೋಬರ್ 12ರಂದು ನಡೆಯಿತು. 2025ರಲ್ಲಿ ದಸರೆ ಸೆಪ್ಟೆಂಬರ್ 22ರಂದೇ ಆರಂಭವಾಗಿ ಅಕ್ಟೋಬರ್ 2ಕ್ಕೆ ಜಂಬೂಸವಾರಿ ಬಂತು. 2025ರ ಅಕ್ಟೋಬರನ್ನು ಹಿಂದಿನ ಅಕ್ಟೋಬರಿನೊಂದಿಗೆ ಹೋಲಿಸಿದರೆ ವ್ಯಾಪಾರ ಬಿದ್ದಂತೆ ಕಾಣುತ್ತದೆ, ಹಬ್ಬದ ಜನ ಸೆಪ್ಟೆಂಬರಿನಲ್ಲಿ ಬಂದುಹೋಗಿರುತ್ತಾರೆ. ಪರಿಹಾರ ಸರಳ: ಆಯಾ ವರ್ಷದ ವಿಜಯದಶಮಿಯ ದಿನಾಂಕವನ್ನು ಪ್ರತಿ ದಿನಾಂಕದಿಂದ ಕಳೆದು ‘ವಿಜಯದಶಮಿಗೆ ಎಷ್ಟು ದಿನ’ ಎಂಬ ಫೀಲ್ಡ್ ರಚಿಸಿ. ಲುಕರ್ ಸ್ಟುಡಿಯೋದಲ್ಲಿ ಎರಡು ದಿನಾಂಕಗಳ ಅಂತರ ಹೇಳುವ ಫಂಕ್ಷನ್ ಇದೆ. ಚಾರ್ಟಿನ ಅಡ್ಡ ಅಕ್ಷದಲ್ಲಿ ಈ ಫೀಲ್ಡನ್ನೇ ಇಟ್ಟು, ವರ್ಷಕ್ಕೊಂದು ಗೆರೆ ಎಳೆಯಿಸಿದರೆ, ಹಬ್ಬಕ್ಕೆ ಮೂರು ವಾರ ಮೊದಲು ಬುಕಿಂಗ್ ಹೇಗಿತ್ತು ಎಂಬುದು ಎಲ್ಲ ವರ್ಷಗಳಿಗೂ ಒಂದೇ ಜಾಗದಲ್ಲಿ ಸಿಗುತ್ತದೆ. ಯುಗಾದಿ, ಗಣೇಶ ಹಬ್ಬ, ದೀಪಾವಳಿಗೂ ಇದೇ ಕ್ರಮ. ಸಂಕ್ರಾಂತಿ ಮಾತ್ರ ಜನವರಿ 14 ಅಥವಾ 15ರಂದೇ ಬರುವುದರಿಂದ, ಎಳ್ಳುಬೆಲ್ಲದ ವ್ಯಾಪಾರ ಮಾಡುವ ಮಂಡ್ಯದವರಿಗೆ ಆ ಒಂದು ಹಬ್ಬದಲ್ಲಿ ಈ ತೊಂದರೆ ಇಲ್ಲ.

ಉಳಿದ ದಿನಗಳಲ್ಲಿ 30 ದಿನಗಳ ಬದಲು 28 ದಿನಗಳ ಅವಧಿಯನ್ನು ಆರಿಸಿಕೊಳ್ಳಿ. ಬೆಂಗಳೂರಿನವರು ಬರುವ ಶನಿವಾರ, ಭಾನುವಾರಗಳು ಆಗ ಎರಡೂ ಅವಧಿಗಳಲ್ಲಿ ಸಮನಾಗಿರುತ್ತವೆ.

ಪುಟದ ವಿನ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾಲೀಕರು ನೋಡುವುದು ಮೊಬೈಲಿನಲ್ಲಾದ್ದರಿಂದ ಒಂದೇ ಕಾಲಂ, ಮೇಲೆ ಮೂರು ದೊಡ್ಡ ಅಂಕಿ, ಕೆಳಗೆ ಒಂದು ಗೆರೆ ಚಾರ್ಟ್, ಕೊನೆಗೆ ಕ್ಯಾಂಪೇನುಗಳ ಕೋಷ್ಟಕ ಸಾಕು. ಫೀಲ್ಡುಗಳಿಗೆ ‘ಒಂದು ಬುಕಿಂಗ್‌ಗೆ ತಗುಲಿದ ಖರ್ಚು’ ಎಂಬಂತೆ ಕನ್ನಡದಲ್ಲಿ ಹೆಸರಿಡಿ. ಸೋಮವಾರ ಬೆಳಿಗ್ಗೆ ಪಿಡಿಎಫ್ ಇಮೇಲಿಗೆ ಬರುವಂತೆ ಸಮಯ ನಿಗದಿ ಮಾಡಬಹುದು.

ಡೇಟಾ ಮೂಲವನ್ನು ಏಜೆನ್ಸಿಯ ಹುಡುಗನ ಸ್ವಂತ ಜಿಮೇಲಿನಿಂದ ಜೋಡಿಸಿದ್ದರೆ, ಅವನು ಕೆಲಸ ಬಿಟ್ಟು ಖಾತೆಯ ಪ್ರವೇಶ ಕಳೆದುಕೊಂಡ ದಿನ ಚಾರ್ಟುಗಳೆಲ್ಲ ನಿಲ್ಲುತ್ತವೆ. ವ್ಯವಹಾರದ ಹೆಸರಿನ ಗೂಗಲ್ ಖಾತೆಯಿಂದಲೇ ಜೋಡಿಸಿ, ಏಜೆನ್ಸಿಯವರಿಗೆ ತಿದ್ದುವ ಅನುಮತಿ ಮಾತ್ರ ಕೊಡಿ. ಪ್ರತಿ ತಿಂಗಳ ಮೊದಲ ವಾರದಲ್ಲಿ ಹಿಂದಿನ ತಿಂಗಳ ಬಿಲ್ ತೆರೆದು, ತೆರಿಗೆ ಬಿಟ್ಟ ಮೊತ್ತವನ್ನು ಡ್ಯಾಶ್‌ಬೋರ್ಡಿನ ಒಟ್ಟು ಖರ್ಚಿನ ಜೊತೆ ಹೋಲಿಸಿ. ಅಮಾನ್ಯ (ನಕಲಿ ಅಥವಾ ಆಕಸ್ಮಿಕ) ಕ್ಲಿಕ್ಕುಗಳಿಗೆ ಗೂಗಲ್ ಹಿಂತಿರುಗಿಸಿದ ಹಣದಿಂದ ಸಣ್ಣ ವ್ಯತ್ಯಾಸ ಬರಬಹುದು. ವ್ಯತ್ಯಾಸ ದೊಡ್ಡದಿದ್ದರೆ ಮೊದಲು ಬ್ಲೆಂಡನ್ನು, ಆಮೇಲೆ ಷೀಟಿನ ದಿನಾಂಕಗಳನ್ನು ಪರಿಶೀಲಿಸಿ.