ಚಿಕ್ಕಬೆಟ್ಟದ ಬಂಡೆ ಓದಲು ಓರೆ ಬಿಸಿಲೇ ಬೇಕು

ಹಾಸನದ ಮನೆಗಳಿಗೆ ನೆಂಟರು ಬಂದರೆ ಕಾರ್ಯಕ್ರಮ ಒಂದೇ. ಬೆಳಿಗ್ಗೆ ಬೇಲೂರು, ಆಮೇಲೆ ಹಳೇಬೀಡು, ಸಂಜೆಯೊಳಗೆ ಶ್ರವಣಬೆಳಗೊಳ. ದೊಡ್ಡಬೆಟ್ಟ ಹತ್ತಿ, ಗೊಮ್ಮಟನ ಮುಂದೆ ಫೋಟೊ ತೆಗೆಸಿಕೊಂಡು, ಎದುರಿನ ಚಿಕ್ಕಬೆಟ್ಟಕ್ಕೆ ‘ಇನ್ನೊಂದ್ಸಲ ಬರೋಣ’ ಎಂದು ಹೇಳಿ ಹೊರಡುತ್ತಾರೆ. ನಾನೂ ಹಾಗೆ ಹೊರಟವನೇ. ಆದರೆ ಬಂಡೆಯಲ್ಲಿ ಕೊರೆದ ಅಕ್ಷರ ನೋಡಬೇಕು ಅಂದರೆ ಚಿಕ್ಕಬೆಟ್ಟಕ್ಕೇ ಹೋಗಬೇಕು. ಚಂದ್ರಗಿರಿ ಅನ್ನುವುದೂ ಇದನ್ನೇ. ಹಳೆಯ ಶಾಸನಗಳಲ್ಲಿ ಇದು ಕಳ್ಬಪ್ಪು. ಇದೊಂದರಲ್ಲೇ 270ಕ್ಕೂ ಜಾಸ್ತಿ ಶಾಸನಗಳಿವೆ. ಅವುಗಳಲ್ಲಿ ಹಳೆಯವು ಸುಮಾರು ಕ್ರಿ.ಶ. 600ರ ಹೊತ್ತಿನವು.

ಮೊದಲ ಕೆಲಸ, ದಿನ ಆರಿಸುವುದು. ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ಮೋಡ ಇಲ್ಲದ ಬೆಳಿಗ್ಗೆ. ಬೇಲೂರು, ಹಳೇಬೀಡನ್ನು ಆ ದಿನದ ಪಟ್ಟಿಯಿಂದ ತೆಗೆದುಬಿಡಿ.

ಎರಡನೆಯದು ಪ್ರಯಾಣ. ಚನ್ನರಾಯಪಟ್ಟಣಕ್ಕೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಹಿಂದಿನ ರಾತ್ರಿಯೇ ಹೋಗಿ ಉಳಿದರೆ ಇನ್ನೂ ಒಳ್ಳೆಯದು.

ಮೂರನೆಯದು ಕಾಲು. ಚಪ್ಪಲಿ ಕೆಳಗೇ ಬಿಡಬೇಕು. ದಪ್ಪ ಹತ್ತಿಯ ಸಾಕ್ಸ್ ಮನೆಯಿಂದಲೇ ತನ್ನಿ. ಅಗ್ಗದ ತೆಳು ನೈಲಾನ್ ಸಾಕ್ಸ್ ಬೇಡವೇ ಬೇಡ, ನುಣುಪು ಬಂಡೆಯ ಮೇಲೆ ಜಾರುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಅದು ಬೆಳಕು. ಬಂಡೆಯ ಅಕ್ಷರಗಳು ಆಳವಾಗಿಲ್ಲ, ಸಾವಿರಕ್ಕೂ ಮೀರಿದ ವರ್ಷಗಳ ಮಳೆಬಿಸಿಲಿಗೆ ಸವೆದಿವೆ. ಹನ್ನೆರಡು ಗಂಟೆಯ ಬಿಸಿಲು ನೇರ ಮೇಲಿನಿಂದ ಬಿದ್ದರೆ ಗೀರಿನೊಳಗೆ ನೆರಳೇ ಇರುವುದಿಲ್ಲ. ಶಾಸನದ ಪಕ್ಕದಲ್ಲೇ ನಿಂತು ‘ಎಲ್ಲಿದೆ?’ ಎಂದು ಕೇಳುವಂತಾಗುತ್ತದೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಂದಾಗ ಪ್ರತಿ ಗೀರಿನ ಒಂದು ಅಂಚು ಕಪ್ಪಾಗಿ, ಇನ್ನೊಂದು ಬೆಳ್ಳಗಾಗಿ ಅಕ್ಷರ ಎದ್ದು ಬರುತ್ತದೆ. ಹಾಗಾಗಿ ಬೇಗ ಹತ್ತಿ. ಪಾರ್ಶ್ವನಾಥ ಬಸದಿಯ ದಕ್ಷಿಣದ ಬಂಡೆಯಿಂದ ಶುರು ಮಾಡಿ. ಜೈನ ಮುನಿ ಭದ್ರಬಾಹುವಿನ ಸಂಗತಿ ಹೇಳುವ, ತುಂಬಾ ಹಳೆಯ ಶಾಸನ ಇರುವುದು ಅಲ್ಲೇ.

ನೇರ ಓದಲು ಹೋಗಬೇಡಿ. ಕುಕ್ಕರಗಾಲಲ್ಲಿ ಕೂತು ಮೊದಲು ಸಾಲು ಹುಡುಕಿ, ಆಮೇಲೆ ಎಡತುದಿಗೆ ಬಂದು ಒಂದೊಂದೇ ಅಕ್ಷರ. ಆಗಿನ ‘ಗ’ ಹೆಚ್ಚುಕಮ್ಮಿ ಒಂದು ಕಮಾನು, ಈಗಿನ ‘ಗ’ದ ತಲೆಕಟ್ಟು ತೆಗೆದ ಹಾಗೆ. ಒಂದು ‘ಗ’ ಸಿಕ್ಕಿತೆಂದರೆ ಮಕ್ಕಳು ಎದ್ದೇಳುವುದೇ ಇಲ್ಲ. ತಡವಾಯಿತಾ? ಕೊಡೆ ಬಿಚ್ಚಿ ನೆರಳು ಮಾಡಿ, ಒಳ್ಳೆಯ ಟಾರ್ಚನ್ನು ಬಂಡೆಗೆ ತಾಗುವಷ್ಟು ಕೆಳಗೆ, ಪಕ್ಕದಿಂದ ಹಿಡಿಯಿರಿ. ಕೀ ಗೊಂಚಲಿನ ಪುಟಾಣಿ ಟಾರ್ಚು ಸಾಲದು. ಮೊಬೈಲಿನ ಫ್ಲಾಶ್ ಅಂತೂ ಮುಂದಿನಿಂದ ಬಡಿದು ಇದ್ದ ನೆರಳನ್ನೂ ಅಳಿಸುತ್ತದೆ.

ಸೀಮೆಸುಣ್ಣ ತುಂಬಿ ಫೋಟೊ ತೆಗೆಯುವ ಅಡ್ಡದಾರಿ ಇದೆಯಲ್ಲ, ಅದನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ನಮ್ಮ ನೆಂಟರೊಬ್ಬರು ಜೇಬಿನಿಂದ ಅದನ್ನು ತೆಗೆದಾಗ ನನಗೆ ನಾಚಿಕೆಯಾಗಿತ್ತು. ಪುಡಿ ಗೀರಿನಲ್ಲೇ ಕೂರುತ್ತದೆ. ಅದೂ ಅಲ್ಲದೆ ನಾವು ತಿದ್ದಿದ್ದು ನಮ್ಮ ಊಹೆ, ಬರೆದವನ ಅಕ್ಷರ ಅಲ್ಲ ಅಲ್ವಾ? ಅಕ್ಷರದ ಮೇಲೆ ಕಾಲಿಡಬೇಡಿ. ಕಟಕಟೆ ಇದ್ದರೆ ಆಚೆಯೇ ನಿಲ್ಲಿ.

ಶಾಸನದ ಪಾಠ ಮೊದಲೇ ಓದಿಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ. ಶಾಸನಗಳನ್ನು ಅಚ್ಚು ಹಾಕಿದ ಪುಸ್ತಕಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 2ನೇ ಸಂಪುಟ ಪೂರ್ತಿ ಈ ಊರಿನದೇ. ಬಿ.ಎಲ್. ರೈಸ್ ಅದನ್ನು 1889ರಲ್ಲಿ ತಂದರು. ಬೇಕಾದ ಪುಟಗಳನ್ನು ಮೊಬೈಲಿಗೆ ಹಾಕಿಕೊಳ್ಳಿ. ನನ್ನ ಆಯ್ಕೆ ನಂದಿಸೇನ ಮುನಿಯ ಶಾಸನ. ‘ಸುರಚಾಪಂಬೋಲೆ’ ಎಂದು ಶುರುವಾಗುತ್ತದೆ. ರೂಪ, ಹಣ, ವೈಭವ ಎಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಬೇಗ ಕರಗುತ್ತವೆ ಎಂದು ಆತ ಸನ್ಯಾಸ ಹಿಡಿದು ದೇಹ ಬಿಟ್ಟ ಕಥೆ. ಸುಮಾರು 1300 ವರ್ಷದ ಹಿಂದಿನ ಕನ್ನಡ, ಆದರೂ ‘ಮಂಜು’ ಇನ್ನೂ ಮಂಜೇ!

ಬಿಸಿಲೇರಿದ ಮೇಲೆ ಚಂದ್ರಗುಪ್ತ ಬಸದಿಗೆ ಬನ್ನಿ. ಶಿಲ್ಪಿ ದಾಸೋಜ ಕೆತ್ತಿದ ಕಲ್ಲಿನ ಜಾಲಂಧ್ರ, ಅಂದರೆ ತೂತುತೂತಿನ ಜಾಲರಿ, ಅಲ್ಲಿದೆ. ಅದರ ತುಂಬ ಭದ್ರಬಾಹು, ಮೌರ್ಯ ದೊರೆ ಚಂದ್ರಗುಪ್ತರ ಕಥೆಯ ಪುಟ್ಟ ಪುಟ್ಟ ಚಿತ್ರಗಳು. ಕಣ್ಣು ಕತ್ತಲಿಗೆ ಒಗ್ಗುವವರೆಗೆ ಸುಮ್ನೆ ನಿಲ್ಲಿ.

ಕೆಳಗಿಳಿದು ಊಟ, ಒಂದು ನಿದ್ದೆ. ದೊಡ್ಡಬೆಟ್ಟಕ್ಕೆ ಬಂಡೆ ತಣ್ಣಗಾದ ಮೇಲೆ ಹೊರಡಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ವಯಸ್ಸಾದವರಿಗೆ ಡೋಲಿ ಸಿಗುತ್ತದೆ, ದರ ಮೊದಲೇ ಕೇಳಿಕೊಳ್ಳಿ. ಗೊಮ್ಮಟನ ಕಡೆಗೆ ಓಡುವ ಮುಂಚೆ ಅಖಂಡ ಬಾಗಿಲಲ್ಲಿ ತಲೆಯೆತ್ತಿ. ಮೇಲೆ ಗಜಲಕ್ಷ್ಮಿ ಕೂತಿದ್ದಾಳೆ. ಬಾಗಿಲು ಪೂರ್ತಿ ಒಂದೇ ಬಂಡೆ.