ಲೈಮ್ ಪರೀಕ್ಷೆ ನೆಗೆಟಿವ್ ಬಂದರೆ ನಿರಾಳರಾಗಬೇಡಿ

ಮಲೆನಾಡಿನವರಿಗೆ ಉಣುಗು ಎಂದೊಡನೆ ಮಂಗನ ಕಾಯಿಲೆ ನೆನಪಾಗುತ್ತದೆ. ಅದು ವೈರಸ್ಸಿನದು. ಅಮೆರಿಕದ ನ್ಯೂಜೆರ್ಸಿ, ಕನೆಕ್ಟಿಕಟ್, ಮಸಾಚುಸೆಟ್ಸ್ ಕಡೆ ಮನೆ ಮಾಡಿರುವವರು ಅಂಜಬೇಕಾದದ್ದು ಲೈಮ್ ಕಾಯಿಲೆ ತರುವ ಬೊರೆಲಿಯಾ ಎಂಬ ಸುರುಳಿ ಬ್ಯಾಕ್ಟೀರಿಯಾಕ್ಕೆ. ಅದನ್ನು ಹೊತ್ತು ತರುವ ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ.

ಇಲ್ಲಿ ನಮ್ಮವರು ಎಡವುವುದು ರಕ್ತಪರೀಕ್ಷೆಯ ವಿಷಯದಲ್ಲಿ. ಎರಡು ಹಂತದ ಈ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು ಕೆಲವು ವಾರಗಳೇ ಹಿಡಿಯುತ್ತವೆ. ಅದಕ್ಕೂ ಮುನ್ನ ಪರೀಕ್ಷಿಸಿದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು. ಅಷ್ಟರಲ್ಲಿ ಬೊರೆಲಿಯಾ ಸುಮ್ಮನೆ ಕೂರುವುದಿಲ್ಲ. ಉಣುಗು ರಕ್ತ ಹೀರತೊಡಗಿದೊಡನೆ ಅದರ ಹೊಟ್ಟೆಯಲ್ಲಿದ್ದಾಗಿನ ಹೊರಪ್ರೋಟೀನು ಕಳಚಿ ಓಎಸ್‌ಪಿ-ಸಿ ಎಂಬ ಬೇರೆಯದನ್ನು ತೊಡುತ್ತದೆ. ಉಣುಗಿನ ಜೊಲ್ಲಿನಲ್ಲಿರುವ ಸಾಲ್ಪ್15 ಎಂಬ ಪ್ರೋಟೀನು ಅದಕ್ಕೆ ಅಂಟಿಕೊಂಡು ಪ್ರತಿಕಾಯಗಳನ್ನು ತಡೆಯುತ್ತದೆ. ರಕ್ತದಲ್ಲಿ ಬೊರೆಲಿಯಾ ನಮ್ಮದೇ ‘ಫ್ಯಾಕ್ಟರ್ ಎಚ್’ ಪ್ರೋಟೀನನ್ನು ಮೈಗೆ ಮೆತ್ತಿಕೊಂಡು, ತಾನೂ ಮನೆಯವನೇ ಎಂದು ನಟಿಸುತ್ತದೆ. ಇಷ್ಟು ಸಾಲದೆಂಬಂತೆ ವಿಎಲ್‌ಎಸ್‌ಇ ಎಂಬ ಪ್ರೋಟೀನಿನ ಜೀನಿಗೆ ಪಕ್ಕದಲ್ಲಿ ಮೌನವಾಗಿರುವ ತುಣುಕುಗಳಿಂದ ಹೊಸ ಅಕ್ಷರಗಳನ್ನು ಸೇರಿಸುತ್ತಲೇ ಇರುತ್ತದೆ. ದೇಹ ಒಂದು ವೇಷವನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ವೇಷ ರಂಗಕ್ಕೆ ಬಂದಾಗಿರುತ್ತದೆ. ಆದರೂ ಆ ಪ್ರೋಟೀನಿನಲ್ಲಿ ಬದಲಾಗದ ಒಂದು ತುಣುಕಿದೆ. ಹಲವು ಪರೀಕ್ಷೆಗಳು ನೆಚ್ಚಿಕೊಂಡಿರುವುದು ಅದನ್ನೇ!

ಆದ್ದರಿಂದ ಉಣುಗು ಕಚ್ಚಿದ ಮೇಲೆ ಚರ್ಮದಲ್ಲಿ ಹರಡುತ್ತಿರುವ ಕಲೆ ಕಂಡರೆ ವರದಿಗೆ ಕಾಯದೆ ಪ್ರೈಮರಿ ಕೇರ್ ವೈದ್ಯರನ್ನು ಕಾಣಿ. ಅವರು ಸಿಗದಿದ್ದರೆ ಅರ್ಜೆಂಟ್ ಕೇರ್ ಸಾಕು, ಇದಕ್ಕಾಗಿ ತುರ್ತು ವಿಭಾಗದ ಬಿಲ್ಲು ಬೇಡ. ಲೈಮ್ ಹೆಚ್ಚಿರುವ ಪ್ರದೇಶದಲ್ಲಿ ಆ ಕಲೆಯನ್ನು ನೋಡಿಯೇ ಚಿಕಿತ್ಸೆ ಕೊಡಬಹುದು, ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್. ನಮ್ಮ ಕಂದು ಚರ್ಮದಲ್ಲಿ ಪಠ್ಯಪುಸ್ತಕದ ಕೆಂಪು ಗುರಿಹಲಗೆ ಕಾಣದೆ ಕಪ್ಪಿಟ್ಟ ಪೆಟ್ಟಿನಂತೆ ಕಾಣಬಹುದು. ಹಗಲು ಬೆಳಕಿನಲ್ಲಿ ದಿನಕ್ಕೊಂದು ಫೋಟೋ ತೆಗೆದಿಟ್ಟು ತೋರಿಸಿ, ಸುತ್ತಾಡಿದ ಜಾಗವನ್ನೂ ಹೇಳಿ.

ಉಣುಗು 36 ಗಂಟೆಗೂ ಹೆಚ್ಚು ಕಚ್ಚಿಕೊಂಡಿದ್ದು, ಕಿತ್ತು 72 ಗಂಟೆ ಮೀರಿಲ್ಲವೆಂದರೆ, ಒಂದೇ ಡೋಸಿನ ಮುಂಜಾಗ್ರತಾ ಔಷಧದ ಬಗ್ಗೆ ನೀವೇ ಕೇಳಿ. ಇನ್ನು ಗುಣವಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಗಾಬರಿಯಾಗುವವರಿದ್ದಾರೆ. ಪ್ರತಿಕಾಯಗಳು ವರ್ಷಗಟ್ಟಲೆ ಉಳಿಯಬಹುದು. ಆ ಪಾಸಿಟಿವ್, ರೋಗ ಹೋಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.