ರಾಷ್ಟ್ರಗೀತೆಗಳ ಹೆಸರುಗಳನ್ನು ಕನ್ನಡಕ್ಕೆ ತಂದ ಬಗೆ: ನನ್ನ ಅನುಭವ

ಚಾಮರಾಜಪೇಟೆಯ ಪ್ರಕಾಶಕರೊಬ್ಬರು ಮಕ್ಕಳಿಗಾಗಿ ಸಿದ್ಧಪಡಿಸುತ್ತಿದ್ದ ಸಾಮಾನ್ಯಜ್ಞಾನದ ಪುಸ್ತಕದಲ್ಲಿ ವಿವಿಧ ದೇಶಗಳ ರಾಷ್ಟ್ರಗೀತೆಗಳ ಪಟ್ಟಿಯನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಸ್ತಪ್ರತಿಯಲ್ಲಿ ಕೆಲವು ಹೆಸರುಗಳು ಅನುವಾದಗೊಂಡಿದ್ದವು, ಕೆಲವು ಇಂಗ್ಲಿಷಿನ ಉಚ್ಚಾರದಲ್ಲೇ ಉಳಿದಿದ್ದವು. ಪ್ರತಿಯೊಂದು ಹೆಸರೂ ಹಾಡಿನ ಮೊದಲ ಸಾಲೋ, ಬೇರೆಯಾಗಿ ಇಟ್ಟ ಶೀರ್ಷಿಕೆಯೋ ಎಂಬುದನ್ನು ಮೊದಲು ಗುರುತು ಹಾಕಿಕೊಂಡೆ. 'ಜನ ಗಣ ಮನ'ದಂತೆ, ನಮ್ಮ ನಾಡಗೀತೆ 'ಜಯ ಭಾರತ ಜನನಿಯ ತನುಜಾತೆ'ಯಂತೆ, ಮೊದಲ ಸಾಲೇ ಹೆಸರಾಗಿದ್ದಲ್ಲಿ ಅದನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನು ಪಕ್ಕದ ಅಂಕಣಕ್ಕೆ ಬಿಟ್ಟೆ. ಶೀರ್ಷಿಕೆಯನ್ನು ಸಾಮಾನ್ಯವಾಗಿ ಅನುವಾದಿಸಿದೆ.

ಬಾಂಗ್ಲಾದೇಶದ ಗೀತೆ ಬರಹದಲ್ಲಿ 'ಆಮಾರ್ ಸೋನಾರ್ ಬಾಂಗ್ಲಾ', ಬಂಗಾಳಿಗಳ ಬಾಯಲ್ಲಿ 'ಶೋನಾರ್'. ಉಚ್ಚಾರವನ್ನೇ ಹಿಡಿದರೆ ರವೀಂದ್ರರದೇ ಆದ 'ಜನ ಗಣ ಮನ'ವನ್ನೂ 'ಜೊನೊ ಗೊನೊ ಮೊನೊ' ಎಂದು ಬರೆಯಬೇಕಾಗುತ್ತದೆ, ಅದನ್ನು ಯಾವ ಮೇಷ್ಟರೂ ಒಪ್ಪಲಾರರು. ಹಾಗಾಗಿ ಎರಡಕ್ಕೂ ಬರಹವನ್ನೇ ಆಧಾರವಾಗಿಟ್ಟುಕೊಂಡೆ. 'ಸೋನಾರ್' ಎಂದೊಡನೆ ನಮ್ಮಲ್ಲಿ ಹಲವರಿಗೆ ಅಕ್ಕಸಾಲಿಗರು ನೆನಪಾಗುವುದರಿಂದ, ಪಕ್ಕದಲ್ಲಿ 'ನನ್ನ ಹೊನ್ನಿನ ಬಂಗಾಳ' ಎಂದು ಸ್ಪಷ್ಟಪಡಿಸಿದೆ.

ಹೆಚ್ಚು ಚರ್ಚೆಯಾದದ್ದು ಸ್ವಿಟ್ಜರ್ಲೆಂಡಿನ ಬಗ್ಗೆ. 1981ರಲ್ಲಿ ಅಧಿಕೃತವಾದ ಆ ಗೀತೆಗೆ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಭಾಷೆಗಳಲ್ಲಿ ನಾಲ್ಕು ಹೆಸರುಗಳಿವೆ. ಜರ್ಮನ್ ಹೆಸರು 'ಶ್ವೈಟ್ಸರ್‌ಪ್ಸಾಲ್ಮ್'. ಬೈಬಲಿನ 'ಸಾಮ್ಸ್' ಭಾಗಕ್ಕೆ ಕನ್ನಡದಲ್ಲಿ 'ಕೀರ್ತನೆಗಳು' ಎಂಬ ಹೆಸರು ಬಹುಕಾಲದಿಂದ ನಿಂತಿರುವುದರಿಂದ 'ಸ್ವಿಸ್ ಕೀರ್ತನೆ' ಎಂಬುದನ್ನು ಆರಿಸಿದೆ. ಕೀರ್ತನೆ ಎಂದರೆ ಪುರಂದರದಾಸರೇ ಕಣ್ಣಮುಂದೆ ಬರುತ್ತಾರಲ್ಲ ಎಂದು ಪ್ರಕಾಶಕರು ಅನುಮಾನಿಸಿದರು. ಆ ಗೀತೆಯೂ ದೇವರನ್ನು ನೆನೆಯುವ ಹಾಡೇ ಆದ್ದರಿಂದ ದಾಸರ ನೆನಪಾದರೆ ನಷ್ಟವೇನಿಲ್ಲವೆಂದು ನಾನು ವಾದಿಸಿದೆ.

ಫ್ರಾನ್ಸಿನ 'ಲಾ ಮಾರ್ಸೆಯೇಜ್' ಶೀರ್ಷಿಕೆಯೇ ಆದರೂ ಅದನ್ನು ಮುಟ್ಟಲಿಲ್ಲ. 1792ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ರಚನೆಯಾದ ಆ ಹಾಡಿಗೆ, ಅದನ್ನು ಹಾಡುತ್ತ ಪ್ಯಾರಿಸ್ಸಿಗೆ ಬಂದ ಮಾರ್ಸೆಯ್ ನಗರದ ಸ್ವಯಂಸೇವಕ ಸೈನಿಕರಿಂದಾಗಿ ಆ ಹೆಸರು ಬಂತು. 'ಮಾರ್ಸೆಯ್ ಗೀತೆ' ಎಂದು ಬರೆದರೆ ಹಾಡು ಹುಟ್ಟಿದ ಊರೇ ಅದೆಂದು ಮಕ್ಕಳು ತಿಳಿದಾರು.

ನ್ಯೂಜಿಲೆಂಡಿನ ಗೀತೆಯ ಇಂಗ್ಲಿಷ್ ಹೆಸರಿನ ಅರ್ಥ 'ದೇವರೇ, ನ್ಯೂಜಿಲೆಂಡನ್ನು ಕಾಪಾಡು' ಎಂದು. ಮಾವೋರಿಯಲ್ಲಿ ಅದು ಬರಿಯ 'ಆವೊಟೆಯರೋವ', ಅಂದರೆ ದೇಶದ ಹೆಸರು. ಒಂದು ಇನ್ನೊಂದರ ಅನುವಾದವಲ್ಲದ ಕಾರಣ ಯಾವುದನ್ನೂ ಕಂಸದೊಳಗೆ ತಳ್ಳದೆ ಎರಡನ್ನೂ ಒಂದೇ ಗಾತ್ರದಲ್ಲಿ ಅಚ್ಚು ಹಾಕಿಸಿದೆ. ಶ್ರೀಲಂಕಾದ ಸಿಂಹಳ ಹೆಸರು 'ಶ್ರೀ ಲಂಕಾ ಮಾತಾ', ತಮಿಳು ಹೆಸರು 'ಶ್ರೀ ಲಂಕಾ ತಾಯೇ' ಇವುಗಳಿಗೂ ಅದೇ ಕ್ರಮ. ಕನ್ನಡಿಗರಿಗೆ ಇವೆರಡರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪಕ್ಕದ ಅಂಕಣದಲ್ಲಿ ಉಳಿದ ಜಾಗಕ್ಕೆ, ಮೊದಲು 'ನಮೋ ನಮೋ ಮಾತಾ' ಎಂದಿದ್ದ ಆರಂಭದ ಸಾಲು 1961ರಲ್ಲಿ ಬದಲಾದ ಸಂಗತಿಯನ್ನು ಸೇರಿಸಿದೆ.